ಮೀಸೆಯ ಅಮ್ಮನೂ ಹದಿಮೂರನೇ ಪೀಪಿಯೂ

ಕಳೆದ ಆಗಸ್ಟಿನಲ್ಲಿ ನಮ್ಮ ತೋಟಕ್ಕೆ ಕೊಳೆ ಬಂತು. ಮೈಲುತುತ್ತ ಹೊಡೆಸಿದ್ದು ತಡವಾಯಿತೋ, ಮಳೆಯೇ ಬಿಡುವು ಕೊಡಲಿಲ್ಲವೋ, ಬೆಳಿಗ್ಗೆ ಎದ್ದು ಹೋದರೆ ಮರದಡಿ ಹಸಿರಡಿಕೆ ಚೆಲ್ಲಿಕೊಂಡು ಬಿದ್ದಿರುತ್ತಿತ್ತು. ಕೊಳೆ ಬಂದ ವರ್ಷ ಮಲೆನಾಡಿನ ಗಂಡಸರಿಗೆ ಎರಡು ಕಾಯಿಲೆ ಹತ್ತುತ್ತವೆ. ಒಂದು, ಜಗಲಿಯಲ್ಲಿ ಕೂತು ಕವಳ ಹಾಕುತ್ತ ಸರ್ಕಾರವನ್ನು ಬಯ್ಯುವುದು. ಇನ್ನೊಂದು, ಬೇರೆ ಉದ್ಯೋಗ ಮಾಡುತ್ತೇನೆ ಎಂದು ಹೊರಡುವುದು. ಮೊದಲನೆಯದನ್ನು ಹದಿನೈದು ದಿನ ಮಾಡಿ ನೋಡಿದೆ. ಸರ್ಕಾರಕ್ಕೆ ಕೇಳಿಸಿದ ಹಾಗೆ ಕಾಣಲಿಲ್ಲ. ಆಮೇಲೆ ಎರಡನೆಯದಕ್ಕೆ ಇಳಿದೆ.

ಬೇರೆ ಉದ್ಯೋಗ ಎಂದರೆ ನಮ್ಮ ಕಡೆ ಈಗ ಹೋಮ್‌ಸ್ಟೇ. ನಮ್ಮೂರು ಆವಿನಹಳ್ಳಿ ಹೋಬಳಿಯಲ್ಲಿ, ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯ ಒಂದು ಮಗ್ಗುಲಿಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ಆಚೆ ದಡದ ತುಮರಿ, ಸಿಗಂದೂರಿನವರು ಲಾಂಚು ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದರು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅದರ ಮರುದಿನದಿಂದಲೇ ನಮ್ಮ ರಸ್ತೆಯಲ್ಲಿ ಕಾರುಗಳು ಬುರ್ರೆಂದವು, ಬೇಲಿಗೊಂದರಂತೆ ಹೋಮ್‌ಸ್ಟೇ ಬೋರ್ಡು ಎದ್ದವು. ಎಲ್ಲರೂ ಹೋಮ್‌ಸ್ಟೇ ಮಾಡಿದರೆ ನಾನು ಪ್ಲೇ ಹೋಮ್ ಮಾಡುತ್ತೇನೆ ಎಂದೆ. ಎರಡರಲ್ಲೂ ಹೋಮ್ ಇದೆ, ಎರಡರಲ್ಲೂ ಬಂದವರು ತಿಂದು ಗಲಾಟೆ ಮಾಡಿ ಮಲಗುತ್ತಾರೆ. ಹಾಸಿಗೆ ಒದ್ದೆ ಮಾಡುವ ವಿಚಾರದಲ್ಲಷ್ಟೇ ವ್ಯತ್ಯಾಸ. (ಅದೂ ಪೂರ್ತಿ ಖಾತ್ರಿಯಿಲ್ಲ ಎಂದು ಹೋಮ್‌ಸ್ಟೇ ನಡೆಸುವ ಗೆಳೆಯ ಆಮೇಲೆ ಹೇಳಿದ.)

ಹೆಂಡತಿ ಮೊಸರು ಕಡೆಯುತ್ತಿದ್ದವಳು ಕಡಗೋಲು ನಿಲ್ಲಿಸಿದಳು.

"ಅಲ್ರೀ, ನಮ್ಮ ಮಗ ಮೂರು ವರ್ಷದವನಿದ್ದಾಗ ನೀವು ಎಲ್ಲಿದ್ರಿ?"

"ಬೆಂಗಳೂರಲ್ಲಿ. ಆಡಿಟರ್ ಆಫೀಸಲ್ಲಿ."

"ಅವನಿಗೆ ಎಷ್ಟು ಸಲ ಸ್ನಾನ ಮಾಡ್ಸಿದೀರಿ?"

"ಒಂದು ಸಲ ಮಾಡ್ಸಿದ್ದೆ."

"ಹೌದು. ಅವತ್ತು ಕಣ್ಣಿಗೆ ಸೋಪು ಹೋದವನು ಇವತ್ತಿಗೂ ಸೋಪು ಕಂಡರೆ ಓಡ್ತಾನೆ. ಇಂಜಿನಿಯರಿಂಗ್ ಮುಗೀತು."

ಇಂಥ ಮಾತಿಗೆ ಜಗ್ಗುವವನಲ್ಲ ನಾನು. ಯಾಕೆಂದರೆ ಹಿಂದಿನ ರಾತ್ರಿ ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನ ಓದಿ ಮುಗಿಸಿದ್ದೆ. ಗುಜರಾತಿನ ಗಿಜುಭಾಯಿ ವಕೀಲರಾಗಿದ್ದವರು. ಕೋಟು ಕಳಚಿಟ್ಟು ಮಕ್ಕಳ ನಡುವೆ ಹೋಗಿ ಕೂತರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ದಪ್ಪ ಮೀಸೆಯ ಅವರನ್ನು ಅಲ್ಲಿಯ ಜನ ಪ್ರೀತಿಯಿಂದ 'ಮೀಸೆಯ ಅಮ್ಮ' ಎಂದು ಕರೆಯುತ್ತಿದ್ದರಂತೆ. ಅವರು ವಕೀಲಿಕೆ ಬಿಟ್ಟವರು, ನಾನು ಲೆಕ್ಕಪತ್ರ ಬಿಟ್ಟವನು. ಕನ್ನಡಿಯಲ್ಲಿ ನೋಡಿಕೊಂಡೆ. ಮೀಸೆ ಇತ್ತು. ಅರ್ಧ ಅರ್ಹತೆ ಹುಟ್ಟಿನಿಂದಲೇ ಬಂದಿದೆ ಎನ್ನಿಸಿತು.

"ಮೀಸೆ ಇದೆ, ಒಪ್ಪಿದೆ. ಅಮ್ಮ ಎಲ್ಲಿದೆ?" ಎಂದಳು ಹೆಂಡತಿ. ಮತ್ತೆ ಕಡೆಯತೊಡಗಿದಳು.

ಪ್ಲೇ ಹೋಮಿಗೆ ಬಂಡವಾಳ ಬೇಕು. ಕೊಳೆ ಬಂದ ವರ್ಷ ಬಂಡವಾಳದ ಮಾತು ಎತ್ತಿದರೆ ಸೊಸೈಟಿಯ ಸೆಕ್ರೆಟರಿ ಕೂಡ ಹಿತ್ತಲ ಬಾಗಿಲಿಂದ ಹೋಗುತ್ತಾರೆ. ಹಾಗಾಗಿ ಮೊದಲು ಈ ಕ್ಷೇತ್ರದಲ್ಲಿ ಏನೇನು ಕೆಲಸ ಉಂಟು, ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಯಾವ್ಯಾವ ಸಂಸ್ಥೆ ಉಂಟು, ಎಲ್ಲಿ ಸೇರಿದರೆ ಎಲ್ಲಿಗೆ ಏರಬಹುದು ಎಂದು ಸರ್ವೇ ಮಾಡುವುದೆಂದು ತೀರ್ಮಾನಿಸಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ 'ಶ್ರೀ' ಬರೆದೆ. ಆ ಪುಸ್ತಕದಲ್ಲಿ ತಪ್ಪಿಲ್ಲದ ಪುಟ ಅದೊಂದೇ.

ಮೊದಲು ಹೋದದ್ದು ಅಂಗನವಾಡಿ ನೇಮಕಾತಿಯ ವಿಚಾರ ಕೇಳಲಿಕ್ಕೆ. ಮೇಜಿನ ಆಚೆ ಕೂತಿದ್ದ ಹೆಣ್ಣುಮಗಳು ಬಹಳ ಸೌಜನ್ಯದವರು.

"ಯಾರಿಗೆ ಸರ್, ಮಗಳಿಗಾ? ಸೊಸೆಗಾ?"

"ನನಗೇ."

ಅವರು ನಗಲಿಲ್ಲ. ಅದೇ ಕಷ್ಟವಾದದ್ದು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಬಿಸಿಲಲ್ಲಿ ಬಂದಿರಾ ಎಂದು ಕೇಳಿದರು. ಹೊರಗೆ ಧೋ ಎಂದು ಮಳೆ. ಆಮೇಲೆ ನಿಯಮ ಹೇಳಿದರು. ಕಾರ್ಯಕರ್ತೆಯಾಗಲು ಪಿಯುಸಿ ಪಾಸಾಗಿರಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ವಯಸ್ಸು 19ರಿಂದ 35. ಅಂಗನವಾಡಿ ಇರುವ ಊರಿನವರೇ ಆಗಿರಬೇಕು. ಮತ್ತು, ಇಲ್ಲಿ ಅವರು ಸ್ವಲ್ಪ ತಡೆದು ಫೈಲಿನ ಕಡೆ ನೋಡುತ್ತ ಹೇಳಿದರು, ಮಹಿಳೆಯಾಗಿರಬೇಕು. ನನ್ನ ವಯಸ್ಸು 49. ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ: ನಾಲ್ಕು ಅರ್ಹತೆಯಲ್ಲಿ ನನಗಿದ್ದದ್ದು ಪಿಯುಸಿ ಒಂದೇ, ಅದೂ ಎರಡನೇ ಸಲಕ್ಕೆ ಬಂದದ್ದು.

ಇದರ ಮೇಲಿನ ಹುದ್ದೆಗಳಾದ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿರುವ ಸಿಡಿಪಿಒ, ಇವಕ್ಕೆ ಪರೀಕ್ಷೆ ಉಂಟು, ವಯಸ್ಸಿನ ಮಿತಿಯೂ ಉಂಟು. ಅನುಭವವಿರುವ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿಯಾಗಲು ಬಡ್ತಿಯ ದಾರಿಯೊಂದಿದೆ. ಏಣಿ ಇದೆ ಎಂದಾಯಿತು. ನನ್ನ ತೊಂದರೆ ಏಣಿಯದ್ದಲ್ಲ, ಕೆಳಗಿನ ಮೆಟ್ಟಿಲಿನದ್ದು.

ಸೋಲೊಪ್ಪದೆ ಗ್ರಾಮ ಪಂಚಾಯ್ತಿಗೆ ಹೋದೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಎಳೆಗೂಸುಗಳನ್ನು ಹಗಲು ನೋಡಿಕೊಳ್ಳಲು ರಾಜ್ಯದ ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುವುದೆಂದು 2023ರ ಬಜೆಟ್ಟಿನಲ್ಲಿ ಹೇಳಿದ್ದರಲ್ಲ, ಅದನ್ನು ಕೇಳಲಿಕ್ಕೆ. ಆರೈಕೆದಾರರು ಜಾಬ್ ಕಾರ್ಡ್ ಇರುವ ಮನೆಯವರಾಗಿರಬೇಕು ಎಂದರು. ನಾನು ಕುಣಿದೆ. ತೋಟದ ಬಸಿಗಾಲುವೆ ತೆಗೆಸುವಾಗ ಮಾಡಿಸಿದ ಜಾಬ್ ಕಾರ್ಡ್ ಜೇಬಿನಲ್ಲೇ ಇತ್ತು, ತೆಗೆದು ಮೇಜಿನ ಮೇಲೆ ಕುಟ್ಟಿದೆ. "ಹೆಂಗಸರು ಅಂತ ಇದೆ ಭಟ್ರೇ" ಎಂದರು. ಕಾರ್ಡನ್ನು ಮಡಚಿ ಮತ್ತೆ ಜೇಬಿಗಿಟ್ಟೆ.

ಒಂದು ವರ್ಷದ ನರ್ಸರಿ ಟೀಚರ್ ಟ್ರೈನಿಂಗ್ ಉಂಟು, ಎರಡು ವರ್ಷದ ಪೂರ್ವ ಪ್ರಾಥಮಿಕ ಡಿಪ್ಲೊಮಾ ಉಂಟು ಎಂದು ಯಾರೋ ಹೇಳಿದರು. ತೀರ್ಥಹಳ್ಳಿಯ ಕಡೆಯ ಒಂದು ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದೆ. "ಮೇಡಂಗೆ ಫೋನ್ ಕೊಡಿ ಸರ್" ಎಂದರು. ಮೇಡಂ ಇಲ್ಲ, ನಾನೇ ಸೇರುವವನು ಎಂದೆ. "ಹಂಗಾರೆ ಮೇಡಂ ಬಂದಮೇಲೆ ಮಾಡಿ" ಎಂದು ಇಟ್ಟುಬಿಟ್ಟರು.

ಹೊಸನಗರದ ಕಡೆಯ ಖಾಸಗಿ ಶಾಲೆಯೊಂದು ಮಾತ್ರ ಸಂದರ್ಶನಕ್ಕೆ ಕರೆಯಿತು. ನನ್ನ ಹೆಸರು ಹೆಂಗಸರ ಹೆಸರಿನಂತೆಯೂ ಕೇಳುವುದರಿಂದ ಕರೆದರೆಂದು ಹೋದ ಮೇಲೆ ಗೊತ್ತಾಯಿತು. ಬಂದವನನ್ನು ಕಳಿಸುವುದು ಹೇಗೆಂದು ತಿಳಿಯದೆ ಮುಖ್ಯಸ್ಥರು "ಒಂದು ಆ್ಯಕ್ಷನ್ ಸಾಂಗ್ ಮಾಡಿ ತೋರಿಸಿ, ಚಿಟ್ಟೆ ಬಗ್ಗೆ" ಎಂದರು. ನನ್ನ ತೂಕ 84 ಕೆ.ಜಿ. ಚಿಟ್ಟೆಯಾಗುವಾಗ ಅದು ತಲೆಯಲ್ಲಿರಲಿಲ್ಲ. ಎರಡು ಕೈ ಅಗಲಿಸಿ ಹೂವಿನಿಂದ ಹೂವಿಗೆ ಹೋದೆ. ಮೊದಲ ಹೂವು ಬಾಗಿಲ ಪರದೆ, ಎರಡನೆಯದು ಅವರ ಮೇಜಿನ ಮೇಲಿದ್ದ ಗ್ಲೋಬು. ಗ್ಲೋಬು ಉರುಳಿ ಬಿದ್ದು ದಕ್ಷಿಣ ಅಮೆರಿಕದ ಹತ್ತಿರ ನೆಗ್ಗಿತು. ಅವರು ಅದನ್ನು ಎತ್ತಿಡುತ್ತ, ನಿಜಕ್ಕೂ ಸಹಾಯ ಮಾಡುವ ಮನಸ್ಸಿನಿಂದಲೇ, "ನಮ್ಮಲ್ಲಿ ವ್ಯಾನ್ ಡ್ರೈವರ್ ಪೋಸ್ಟ್ ಖಾಲಿ ಇದೆ" ಎಂದರು. ನನ್ನ ಹತ್ತಿರ ಇರುವುದು ಸ್ಕೂಟರಿನ ಲೈಸೆನ್ಸ್.

ಹೆಂಡತಿಗೆ ಕೊನೆಗೆ ಪಾಪ ಅನ್ನಿಸಿರಬೇಕು. ಅವಳ ಚಿಕ್ಕಪ್ಪನ ಮಗಳು ಹಿನ್ನೀರಿನ ಆಚೆ ಅಂಗನವಾಡಿ ಟೀಚರು. ಅವಳಿಗೆ ಫೋನ್ ಹಚ್ಚಿ, "ನಿನ್ನ ಭಾವನ್ನ ಒಂದು ದಿನ ಇಟ್ಕೊಂಡು ಕಳ್ಸು ಮಾರಾಯ್ತಿ" ಎಂದಳು. ಅಂಗನವಾಡಿಗೆ ಮಕ್ಕಳನ್ನು ಬಿಡುವಾಗ ಹೇಳುವ ದನಿ ಅದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಚೌತಿ ಕಳೆದ ಮೇಲಿನ ಒಂದು ಬೆಳಿಗ್ಗೆ ಸ್ಕೂಟರ್ ಹತ್ತಿದೆ. ಸೇತುವೆಯ ಮೇಲೆ ಎರಡೂ ಕಡೆ ನೀರು, ನೀರಿನ ಮೇಲೆ ಮಂಜು, ಸುಮಾರು 2.4 ಕಿ.ಮೀ. ಉದ್ದಕ್ಕೂ ಸೆಲ್ಫಿ ತೆಗೆಯುವವರು. ಐದಾರು ನಿಮಿಷದಲ್ಲಿ ಆಚೆ ದಡ ಮುಟ್ಟಿದೆ. ಲಾಂಚಿನ ಕಾಲದಲ್ಲಾಗಿದ್ದರೆ ದಡದಲ್ಲಿ ಕಾಯುವ ಹೊತ್ತಿಗೆ ಎರಡು ಸಲ ಯೋಚನೆ ಮಾಡಿ ಮನೆಗೆ ಹಿಂದಿರುಗುವ ಅವಕಾಶವಿತ್ತು. ಸೇತುವೆಯಿಂದಾದ ನಷ್ಟದ ಬಗ್ಗೆ ಯಾರೂ ಬರೆಯುವುದಿಲ್ಲ.

ಒಳ್ಳೆಯ ಕೆಲಸಕ್ಕೆ ಹೊರಟವನು ಸಿಗಂದೂರು ಚೌಡೇಶ್ವರಿಗೆ ಕೈ ಮುಗಿಯದೆ ಹೋಗುವುದುಂಟೇ? ನಮ್ಮ ಸೀಮೆಯಲ್ಲಿ ಅಮ್ಮನವರ ಅಧಿಕಾರ ಪೊಲೀಸ್ ಠಾಣೆಗಿಂತ ದೊಡ್ಡದು. ತೋಟದ ಬೇಲಿಯ ಮೇಲೆ, ಹೊಸ ಮನೆಯ ಗೋಡೆಯ ಮೇಲೆ, ಗೋದಾಮಿನ ಬಾಗಿಲ ಮೇಲೆ, 'ಸಿಗಂದೂರು ಚೌಡೇಶ್ವರಿಯ ಕಾವಲಿದೆ' ಎಂಬ ಬೋರ್ಡು ಕಾಣುತ್ತದೆ. ಆ ಬೋರ್ಡು ಕಂಡ ಮೇಲೆ ಕೊನೆ ಕೊಯ್ಯಲು ಬಂದ ಕಳ್ಳನೂ ಕತ್ತಿ ಕೆಳಗಿಡುತ್ತಾನೆ. ಪೂಜೆ ಮಾಡಿಸಿ ಹೊರಗೆ ಬಂದು ಅಂಗಡಿ ಸಾಲಿನಲ್ಲಿ ನಡೆಯುವಾಗ ಮಕ್ಕಳಿಗೆ ಏನಾದರೂ ಒಯ್ಯಬೇಕಲ್ಲ ಎನ್ನಿಸಿತು. ಎಷ್ಟು ಮಕ್ಕಳು ಬರುತ್ತವೆ ಎಂದು ಹಿಂದಿನ ದಿನವೇ ಕೇಳಿದ್ದೆ. ಹಾಜರಿಯಲ್ಲಿ 17, ಮಳೆಯಲ್ಲಿ ಬರುವುದು 12 ಎಂದಿದ್ದಳು. ಅಂಗಡಿಯವನು ಡಜನ್ ಲೆಕ್ಕದಲ್ಲಿ ಪೀಪಿ ಕಡಿಮೆಗೆ ಕೊಡುತ್ತೇನೆ ಎಂದ. ಹನ್ನೆರಡು ಮಕ್ಕಳು, ಒಂದು ಡಜನ್ ಪೀಪಿ. ಆಡಿಟರ್ ಆಫೀಸಿನ ಇಪ್ಪತ್ತು ವರ್ಷದ ಅನುಭವದಲ್ಲಿ ಇಷ್ಟು ಚಂದ ತಾಳೆಯಾದ ಲೆಕ್ಕ ಇನ್ನೊಂದಿಲ್ಲ.

ಅಂಗನವಾಡಿ ಎಂದರೆ ಹೆಂಚಿನ ಒಂದು ಕೋಣೆ, ಪಕ್ಕಕ್ಕೆ ಅಡಿಗೆಯ ಜಾಗ, ಎದುರಿಗೆ ಒಂದು ಚಿಟ್ಟೆ. (ನಮ್ಮಲ್ಲಿ ಜಗಲಿಯ ಕಟ್ಟೆಗೂ ಚಿಟ್ಟೆ ಎನ್ನುತ್ತೇವೆ. ಹೊಸನಗರದಲ್ಲಿ ನಾನು ಈ ಚಿಟ್ಟೆ ಆಗಿದ್ದರೆ ಗ್ಲೋಬು ಉಳಿಯುತ್ತಿತ್ತು.) ಗೋಡೆಯ ತುಂಬ ಹಣ್ಣು, ತರಕಾರಿ, ಪ್ರಾಣಿ. ಮೂಲೆಯಲ್ಲಿ ಜಂತಿಗೆ ನೇತುಹಾಕಿದ ದುಂಡು ಮುಖದ ತೂಕದ ಯಂತ್ರ. ಬಾಗಿಲಲ್ಲಿ ಹನ್ನೆರಡು ಜೊತೆ ಪುಟ್ಟ ಚಪ್ಪಲಿ ಎಣಿಸಿ ಖುಷಿಯಾದೆ. ಹದಿಮೂರನೆಯ ಕೂಸು ಬರಿಗಾಲಲ್ಲಿ ಬಂದಿದ್ದಳೆಂಬುದು ನನಗೆ ಗೊತ್ತಾಗುವ ಬಗೆ ಹೇಗೆ? ಚೌತಿಗೆ ಅಜ್ಜಿಮನೆಗೆ ಬಂದವಳು, ಹಬ್ಬ ಮುಗಿದರೂ ಹೋಗಿರಲಿಲ್ಲ.

"ಬನ್ನಿ ಭಾವ, ಕೂತ್ಕಳಿ" ಎಂದಳು ಟೀಚರು. ಕೂರಲು ಇದ್ದದ್ದು ಒಂದಡಿ ಎತ್ತರದ ಕುರ್ಚಿ. ಕೂತೆ. ಏಳುವುದು ನನ್ನ ಕೈಲಿಲ್ಲ ಎಂದು ಕೂತ ಮೇಲೆ ತಿಳಿಯಿತು. ಅವಳು ಹಾಜರಿ ಹಾಕಿದಳು, ಯಾರ ಮೂಗು ಸೋರುತ್ತಿದೆ, ಯಾರ ಉಗುರು ಬೆಳೆದಿದೆ ನೋಡಿದಳು. ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತೆರೆದಳು. ಅದು ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಸೇತುವೆ ಬಂದಷ್ಟು ಬೇಗ ನೆಟ್‌ವರ್ಕ್ ಬರುವುದಿಲ್ಲ. "ಭಾವ, ಹತ್ತು ನಿಮಿಷ ನೋಡ್ಕಳಿ, ಆ ಹಲಸಿನ ಮರದ ಹತ್ರ ಒಂದು ಕಡ್ಡಿ ಸಿಗ್ತದೆ" ಎಂದು ಕೊಡೆ ಹಿಡಿದು ದರೆ ಹತ್ತಿದಳು. ಸಹಾಯಕಿ ಒಳಗೆ ಒಲೆಯ ಮುಂದೆ.

ಈಗ ಕೋಣೆಯಲ್ಲಿ ನಾನು ಮತ್ತು ಹದಿಮೂರು ಜನ.

"ಮಕ್ಕಳೇ, ಎಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳಿ" ಎಂದೆ.

ಯಾರೂ ಅಲ್ಲಾಡಲಿಲ್ಲ. ಕೆಂಪಂಗಿಯ ಹುಡುಗನೊಬ್ಬ ಹತ್ತಿರ ಬಂದು ನನ್ನ ಮೀಸೆಯನ್ನು ಮುಟ್ಟಿ ನೋಡಿದ. ಎಳೆದ. ಉದುರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದವರ ಕಡೆ ತಿರುಗಿ, "ಅಜ್ಜನ್ನ ಮೀಸೆ ಖರೇವು" ಎಂದು ವರದಿ ಒಪ್ಪಿಸಿದ. 'ಸರ್' ಅನ್ನಿಸಿಕೊಳ್ಳಬೇಕೆಂದು ಬಂದವನು ನಾನು. 'ಮಾಮ' ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ಪೀಪಿ ತೆಗೆದದ್ದು ಆಗ. ಅದು ತಪ್ಪು ಎಂದು ಈಗ ಯಾರು ಬೇಕಾದರೂ ಹೇಳುತ್ತಾರೆ. ಒಂದೊಂದೇ ಹಂಚುತ್ತ ಬಂದೆ, ಚೀಲ ಬರಿದಾಯಿತು. ಎದುರಿಗೆ ಒಂದು ಬರಿಗೈ ಇನ್ನೂ ಚಾಚಿಕೊಂಡಿತ್ತು. ಚೀಲ ಕೊಡವಿದೆ, ಜೇಬು ನೋಡಿದೆ, ಸ್ಕೂಟರ್ ಕೀಲಿ ಕೊಟ್ಟು ನೋಡಿದೆ. ಆ ಕೂಸು ಅಳಲಿಲ್ಲ. ನನ್ನನ್ನು ಒಮ್ಮೆ ನೋಡಿ, ಪಕ್ಕದವಳ ಪೀಪಿ ಕಿತ್ತುಕೊಂಡು, ಕೀಲಿಯನ್ನೂ ಇಟ್ಟುಕೊಂಡಿತು. ಪಕ್ಕದವಳು ತನ್ನ ಪಕ್ಕದವನದನ್ನು ಕಿತ್ತಳು. ಹೀಗೆ ಆ ಒಂದು ಪೀಪಿಯ ಕೊರತೆ ಕೋಣೆಯನ್ನು ಒಂದು ಸುತ್ತು ಹಾಕಿ ಬಂತು. ಮಕ್ಕಳು ಕೊನೆಗೂ ವೃತ್ತಾಕಾರದಲ್ಲಿದ್ದರು, ಕುಳಿತಿರಲಿಲ್ಲ ಅಷ್ಟೇ. ಪೀಪಿ ಸಿಕ್ಕವರು ಊದಿದರು, ಕಳಕೊಂಡವರು ಪೀಪಿಗಿಂತ ಜೋರಾಗಿ ಊದಿದರು.

ಗಮನ ಬೇರೆ ಕಡೆ ತಿರುಗಿಸಬೇಕು ಎಂದು ಪುಸ್ತಕದಲ್ಲಿದೆ. ನಾನೂ ತಯಾರಾಗಿಯೇ ಬಂದಿದ್ದೆ. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ದೆಸೆಯಿಂದ 1946ರ ತನಕ ಇಲ್ಲೇ ಉಳಿದು, ನಮ್ಮ ದೇಶದ ಎಷ್ಟೋ ಶಿಕ್ಷಕರಿಗೆ ಕಲಿಸಿದವರು. ಅಕ್ಷರವನ್ನು ಮಕ್ಕಳು ಕಣ್ಣಿಗಿಂತ ಮೊದಲು ಬೆರಳಿನಿಂದ ತಿಳಿಯಲಿ ಎಂದು ಉಜ್ಜುಕಾಗದದಲ್ಲಿ ಅಕ್ಷರ ಕತ್ತರಿಸಿ ಕೊಡುವುದು ಅವರ ಪದ್ಧತಿ. ನಮ್ಮ ಹಿಂದಿನ ಮಠದ ಐಗಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರಲ್ಲ, ಅದರದ್ದೇ ಇನ್ನೊಂದು ರೂಪ ಎನ್ನಿ. ಮನೆಯ ಬಾಗಿಲಿಗೆ ತಂದು ಉಳಿದಿದ್ದ ಪಾಲಿಶ್ ಪೇಪರಿನಲ್ಲಿ ರಾತ್ರಿ ಕೂತು ದೊಡ್ಡದೊಂದು 'ಅ' ಕತ್ತರಿಸಿದ್ದೆ. ಕನ್ನಡಕ ತೆಗೆದು ಪಕ್ಕದಲ್ಲಿಟ್ಟು, ಚೀಲದಲ್ಲಿ 'ಅ' ಹುಡುಕಿ, ಕೆಂಪಂಗಿಯವನ ಕೈಗೆ ಕೊಟ್ಟು, "ಬೆರಳಿನಿಂದ ಉಜ್ಜು ಪುಟ್ಟಾ" ಎಂದೆ. ಅವನು ವಿಧೇಯ. ಉಜ್ಜಿದ. ಏನನ್ನು ಉಜ್ಜುತ್ತಿದ್ದಾನೆ ಎಂದು ನೋಡಲು ಕನ್ನಡಕಕ್ಕಾಗಿ ತಡಕಿದೆ. ಕನ್ನಡಕವನ್ನೇ ಉಜ್ಜುತ್ತಿದ್ದ. ಎರಡೂ ಗಾಜನ್ನು, ಒಳಗೂ ಹೊರಗೂ, ಬಡಗಿ ತೊಲೆಗೆ ಉಜ್ಜುವಷ್ಟು ಶ್ರದ್ಧೆಯಿಂದ. ಅಂದಿನಿಂದ ಹೊಸ ಗಾಜು ಹಾಕಿಸುವ ತನಕ ನನಗೆ ಮಲೆನಾಡಿನ ಮಂಜು ಮನೆಯೊಳಗೂ ಇತ್ತು. ದೇವಸ್ಥಾನದಿಂದ ಬರುವಾಗ ಒಂದು ಚಿಕ್ಕ ಬೋರ್ಡು ತಂದು ಕನ್ನಡಕದ ದಾರಕ್ಕೆ ಕಟ್ಟಿಕೊಳ್ಳಬೇಕಿತ್ತು: ಈ ವಸ್ತುವಿಗೆ ಅಮ್ಮನವರ ಕಾವಲಿದೆ.

ಉಳಿದದ್ದು ಕಲೆ. ನೀನಾಸಂ ಇರುವ ತಾಲ್ಲೂಕಿನವನು ನಾನು. ಹೆಗ್ಗೋಡಿನಲ್ಲಿ ಎಷ್ಟು ನಾಟಕ ನೋಡಿಲ್ಲ! ಹುಡುಗನಾಗಿದ್ದಾಗ ಊರಿನ ಯಕ್ಷಗಾನದ ಆಟದಲ್ಲಿ ಕೋಡಂಗಿಯಾಗಿ ಎರಡು ರಾತ್ರಿ ಕುಣಿದವನು ಬೇರೆ. ಮಕ್ಕಳಿಗೆ ಕಥೆ ಅಭಿನಯಿಸಿ ತೋರಿಸಿದರೆ ಸುಮ್ಮನಾಗುತ್ತವೆ ಎಂದು ಆ ಪುಟ್ಟ ಕುರ್ಚಿಯಿಂದ ಎದ್ದೆ. ಕುರ್ಚಿಯೂ ನನ್ನೊಡನೆ ಎದ್ದಿತು. ಅದನ್ನು ಹಿಂದೆ ಅಂಟಿಸಿಕೊಂಡೇ, ಕಾಡಿನಲ್ಲಿ ರಾಕ್ಷಸ ಬಂದ ಎಂದು ಬಣ್ಣದ ವೇಷದ ಒಂದು ಆರ್ಭಟ ಕೊಟ್ಟೆ. ಹೆಂಚು ನಡುಗಿತೆಂದು ಆಮೇಲೆ ಸಹಾಯಕಿ ಹೇಳಿದಳು.

ಒಂದು ಕ್ಷಣ ಪೂರ್ತಿ ಮೌನ. ಅಬ್ಬ, ಗೆದ್ದೆ ಎಂದುಕೊಂಡೆ. ಆಮೇಲೆ ಹನ್ನೆರಡು ಮಕ್ಕಳು ಒಟ್ಟಿಗೆ ಅತ್ತವು. ಒಬ್ಬ ನಿಂತಲ್ಲೇ ಚಡ್ಡಿ ಒದ್ದೆ ಮಾಡಿದ. ಒಬ್ಬಳು ತೂಕದ ಯಂತ್ರದ ಹಿಂದೆ ಅಡಗಿದಳು. ಹದಿಮೂರನೆಯವಳು ಮಾತ್ರ, ಕೈಯಲ್ಲಿ ನನ್ನ ಸ್ಕೂಟರ್ ಕೀಲಿ, ಬಾಯಲ್ಲಿ ಪೀಪಿ, ಕಣ್ಣರಳಿಸಿ "ಮತ್ತೊಂದ್ಸಲ" ಎಂದಳು. ಪಕ್ಕದ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಕತ್ತಿ ಹಿಡಿದುಕೊಂಡೇ ಓಡಿ ಬಂದರು. ಬಾಗಿಲಲ್ಲಿ ನಿಂತು, ಅಳುವ ಮಕ್ಕಳನ್ನೂ ಹಿಂದೆ ಕುರ್ಚಿ ಬೆಳೆದ ಮೀಸೆಯವನನ್ನೂ ನೋಡಿ, "ಎಂತದಾ ಇದು? ಅಕ್ಕೋರು ಎಲ್ಲಿ?" ಎಂದರು. ಕತ್ತಿ ಇನ್ನೂ ಕೈಯಲ್ಲೇ ಇತ್ತು. ನಾನು ಇಲ್ಲಿಗೆ ಕೆರಿಯರ್ ಹುಡುಕಿಕೊಂಡು ಬಂದದ್ದು ಎಂದು ಹೇಳುವ ಹೊತ್ತು ಅದಲ್ಲ.

ಕಾಪಾಡಿದವಳು ಸಹಾಯಕಿ. ಒಳಗಿನಿಂದ ಬಂದು ತಟ್ಟೆಗೆ ಸೌಟಿನಲ್ಲಿ ಎರಡೇ ಏಟು ಹಾಕಿ, "ಕೈ ತೊಳ್ಕಳಿ" ಎಂದಳು, ಅದೂ ಸಣ್ಣ ದನಿಯಲ್ಲಿ. ಅಳು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಹದಿಮೂರು ಜನ ಒಬ್ಬರ ಹಿಂದೊಬ್ಬರು ಹೆಗಲು ಹಿಡಿದು ಬಚ್ಚಲ ಕಡೆ ನಡೆದರು. ಒದ್ದೆ ಚಡ್ಡಿಯವನಿಗೆ ನಡೆಯುತ್ತಲೇ ಚಡ್ಡಿ ಬದಲಾಯಿತು, ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಸಾಲಿನ ಕೊನೆಯಲ್ಲಿ ನಾನೂ ನಿಂತಿದ್ದೆ. ಯಾರೂ ಹೇಳಿರಲಿಲ್ಲ. ಕಾಲು ತಾನಾಗಿ ಹೋಗಿತ್ತು.

ಟೀಚರು ಬಂದಳು. ಕೋಣೆಯನ್ನು ಒಮ್ಮೆ ನೋಡಿದಳು, ಏನೂ ಕೇಳಲಿಲ್ಲ, ಕುರ್ಚಿಯನ್ನು ಎಳೆದು ಬಿಡಿಸಿದಳು. ಪೀಪಿಗಳನ್ನೆಲ್ಲ "ಬಾಕ್ಸಿನಲ್ಲಿ ನಿದ್ದೆ ಮಾಡ್ತವೆ" ಎಂದು ಒಂದೊಂದಾಗಿ ಮಲಗಿಸಿದಳು. ಆ ದಿನ ತೂಕದ ದಿನವಂತೆ. ಕೂಸುಗಳನ್ನು ಬಟ್ಟೆಯ ಚಡ್ಡಿಯಂಥ ಚೀಲದಲ್ಲಿಟ್ಟು ನೇತುಹಾಕಿ, ಮುಳ್ಳು ನಿಲ್ಲುವಷ್ಟು ಹೊತ್ತು ಹಾಡು ಹೇಳಿ, ತೂಕ ಬರೆದುಕೊಂಡಳು. "ಅಜ್ಜನ್ನೂ ತೂಗಿ" ಎಂದ ಕೆಂಪಂಗಿ. ಯಂತ್ರದ ಮೇಲೆ 25 ಕೆ.ಜಿ.ವರೆಗೆ ಮಾತ್ರ ಅಂಕಿಯಿತ್ತು, ಮಾನ ಉಳಿಯಿತು. ಅಷ್ಟರಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಊಟಕ್ಕೆ ಬಂದಳು. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ನಡೆಯುತ್ತಿದೆ, ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಅಂಗನವಾಡಿಯಲ್ಲೇ. ಅವಳ ಮಾತ್ರೆ, ಅವಳ ಚುಚ್ಚುಮದ್ದಿನ ದಿನ ಎಲ್ಲ ಟೀಚರಿಗೆ ಬಾಯಿಪಾಠ.

ಊಟವಾಗಿ ಮಕ್ಕಳು ಮಲಗಿದ ಮೇಲೆ ನೋಟ್‌ಬುಕ್ ತೆರೆದೆ. ಅವಳು ರಿಜಿಸ್ಟರ್ ತೆರೆದಳು. ಅವಳದ್ದು ಹನ್ನೊಂದು, ನನ್ನದು ಒಂದು. ಬರೆಯುತ್ತಲೇ ಮಾತಾಡಿದಳು. ಮೂರರಿಂದ ಆರು ವರ್ಷದವರಿಗೆ ಪಾಠ ಎನ್ನುವುದು ಅಂಗನವಾಡಿಯ ಆರು ಸೇವೆಗಳಲ್ಲಿ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಉಳಿದ ಐದು ಇವು. ಅದರ ಮೇಲೆ ಸರ್ವೇ, ಸ್ತ್ರೀಶಕ್ತಿ ಸಂಘ, ಮತದಾರರ ಪಟ್ಟಿ. ಈ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಅಂದರೆ ನನಗಿಂತ ಒಂದು ವರ್ಷಕ್ಕೆ ದೊಡ್ಡದು. ಆ ಐವತ್ತು ವರ್ಷದಲ್ಲಿ ಅದು ಎಷ್ಟೋ ಮಕ್ಕಳನ್ನು ಬೆಳೆಸಿತು, ನಾನು ಮೀಸೆ ಬೆಳೆಸಿದೆ.

"ಪಗಾರ ಎಷ್ಟು?" ಎಂದೆ.

"ಪಗಾರ ಅಲ್ಲ ಭಾವ, ಗೌರವಧನ. ಗೌರವ ಅವರು ಕೊಡ್ತಾರೆ, ಧನ ಬಂದಾಗ ಬರ್ತದೆ."

ಸರ್ಕಾರಿ ಲೆಕ್ಕದಲ್ಲಿ ಅವಳು ನೌಕರಳಲ್ಲ, ಗೌರವ ಸೇವೆಯವಳು. ಅರವತ್ತಕ್ಕೆ ಬಿಡಬೇಕು. ಗ್ರಾಚ್ಯುಟಿಗೆ ಇವರು ಅರ್ಹರು ಎಂದು ಸುಪ್ರೀಂ ಕೋರ್ಟು ಹೇಳಲಿಕ್ಕೆ 2022ರ ಏಪ್ರಿಲ್ ಬರಬೇಕಾಯಿತು. ಹೊಸ ಶಿಕ್ಷಣ ನೀತಿ ಮೂರನೇ ವರ್ಷದಿಂದ ಎಂಟನೇ ವರ್ಷದವರೆಗಿನದನ್ನೇ ಬುನಾದಿ ಹಂತ ಎಂದು ಕರೆದಿದೆ. ಬುನಾದಿ ಹಾಕುವವಳಿಗೆ ಗೌರವಧನ, ಹೆಂಚು ಹೊದಿಸುವವರಿಗೆ ಸಂಬಳ. ಇದು ನನ್ನ ಮಾತು, ಅವಳು ಹಾಗೆಲ್ಲ ಹೇಳುವವಳಲ್ಲ. ಗಿಜುಭಾಯಿಯವರ ಜೊತೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್ ಆಮೇಲೆ ಮಹಾರಾಷ್ಟ್ರದಲ್ಲಿ ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಮನೆಯಂಗಳಕ್ಕೇ ಶಾಲೆ ಒಯ್ದರು. ಅಂಗನವಾಡಿ ಎಂಬ ಹೆಸರಿನೊಳಗೆ ಇರುವುದು ಆ ಅಂಗಳವೇ ಎಂದು ನಾನು ವಿವರಿಸತೊಡಗಿದೆ. ನನ್ನ ಜ್ಞಾನವನ್ನು ತೋರಿಸಲು ಅಂದು ಸಿಕ್ಕ ಒಂದೇ ಅವಕಾಶ. ಅವಳು ತಲೆಯೆತ್ತಿ ಬಾಯಿಗೆ ಬೆರಳಿಟ್ಟು "ಶ್" ಎಂದಳು. ಮಕ್ಕಳು ಮಲಗಿದ್ದವು.

ಹೊರಡುವಾಗ ಸ್ಕೂಟರ್ ಕೀಲಿ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಹದಿಮೂರನೆಯವಳ ಅಜ್ಜಿಮನೆಯ ಅಕ್ಕಿಡಬ್ಬಿಯಲ್ಲಿತ್ತು.

ಮನೆಗೆ ಬಂದಾಗ ಹೆಂಡತಿ ನನ್ನ ಕನ್ನಡಕ ನೋಡಿದಳು, ಅಂಗಿಯ ಮೇಲಿನ ಮೂಗಿನ ಗುರುತು ನೋಡಿದಳು. "ಎಂತ ಆಯ್ತು ಮೀಸೆಯ ಅಮ್ಮ?" ಎಂದಳು. ನಾನು ಸೀದಾ ಹೋಗಿ ಮಲಗಿದೆ. ರಾತ್ರಿ ನಿದ್ದೆಯಲ್ಲಿ "ಎಲ್ಲರಿಗೂ ಇದೆ, ಎಲ್ಲರಿಗೂ ಇದೆ" ಎಂದು ಕನವರಿಸಿದೆನಂತೆ.

ಆದರೂ ಶಿಶುಶಿಕ್ಷಣ ಕ್ಷೇತ್ರದಲ್ಲಿ ನನಗೆ ಜಾಗ ಸಿಕ್ಕಿಲ್ಲ ಎನ್ನಬೇಡಿ. ಹದಿನೈದು ದಿನ ಬಿಟ್ಟು ಟೀಚರೇ ಫೋನ್ ಮಾಡಿದಳು. ಆ ವರ್ಷ ಮಳೆ ನಿಲ್ಲುವ ಸೂಚನೆಯಿರಲಿಲ್ಲ, ಹುಲ್ಲಿನ ದಾರಿಯಲ್ಲಿ ಬರುವ ಮಕ್ಕಳ ಕಾಲಿಗೆಲ್ಲ ಉಂಬಳ ಹತ್ತುತ್ತಿತ್ತು. (ನಮ್ಮ ಕಡೆ ಉಂಬಳ, ತೀರ್ಥಹಳ್ಳಿ ಕಡೆ ಇಂಬಳ. ಹೀರುವ ರಕ್ತ ಒಂದೇ.) ಹೆಚ್ಚು ಮಾತಾಡದೆ ಬಾಗಿಲಲ್ಲಿ ಕೂತು ಉಂಬಳ ಬಿಡಿಸುವವರೊಬ್ಬರು ಬೇಕಾಗಿತ್ತಂತೆ. ಈಗ ಮಳೆಗಾಲದಲ್ಲಿ ವಾರಕ್ಕೆರಡು ಬೆಳಿಗ್ಗೆ ಸೇತುವೆ ದಾಟಿ ಹೋಗುತ್ತೇನೆ. ಚಿಟ್ಟೆಯ ಮೇಲೆ ಕೂತು, ಒಂದು ಪೊಟ್ಟಣ ಉಪ್ಪು ಇಟ್ಟುಕೊಂಡು, ಇಪ್ಪತ್ತನಾಲ್ಕು ಕಾಲು ನೋಡಿ ಒಳಗೆ ಬಿಡುತ್ತೇನೆ. ವಯಸ್ಸಿನ ಮಿತಿ ಇಲ್ಲ, ಗೌರವಧನವೂ ಇಲ್ಲ. ಹದಿಮೂರನೆಯವಳು ತನ್ನೂರಿಗೆ ಹೋಗಿದ್ದಾಳೆ, ದಸರೆಗೆ ಬರುತ್ತಾಳಂತೆ.

ಸಿಗಂದೂರಿಗೆ ಬರುವವರಲ್ಲಿ ಒಂದು ವಿನಂತಿ. ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು, ಅಮ್ಮನವರ ದರ್ಶನ ಮಾಡಿ ಹಿಂದಿರುಗುವಾಗ ರಸ್ತೆ ಬದಿಯ ಯಾವುದಾದರೂ ಅಂಗನವಾಡಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಟೀಚರನ್ನು ಕೇಳಿ ಕೊಡಿ. ಮರದ ಆಟಿಕೆ, ಚಿತ್ರದ ಪುಸ್ತಕ, ಬಣ್ಣದ ಸೀಮೆಸುಣ್ಣ, ಚಿಕ್ಕ ಅಳತೆಯ ಒಣ ಚಡ್ಡಿ, ಯಾವುದಾದರೂ ಆದೀತು. ಎಷ್ಟು ಮಕ್ಕಳೆಂದು ಹೇಳುತ್ತಾರೋ ಅದಕ್ಕಿಂತ ಎರಡು ಹೆಚ್ಚೇ ತನ್ನಿ. ಪೀಪಿ ಮಾತ್ರ ತರಬೇಡಿ.